ಕೋಲಾರದ ಮಟ್ಟು, ಜಾಝ್ ಎಣಿಕೆ: ಒಬ್ಬ ಜನಪದ ಗಾಯಕಿಯ ಪ್ರಕರಣ

ಈ ಗಾಯಕಿ ಮುಳಬಾಗಿಲು ತಾಲೂಕಿನವರು. ಅವರ ಕೋರಿಕೆಯಂತೆ ಹೆಸರು ಬಿಟ್ಟಿದ್ದೇವೆ. ಅಜ್ಜಿಯ ರಾಗಿ ಬೀಸುವ ಪದ, ಭಜನೆ ಮನೆಯ ತತ್ವಪದ, ಆಮೇಲೆ ಚಳವಳಿಯ ವೇದಿಕೆ, ಹೀಗೆ ಕೋಲಾರ ಸೀಮೆಯ ಬಹಳಷ್ಟು ಹಾಡುಗಾರರು ನಡೆದ ದಾರಿಯಲ್ಲೇ ಬಂದವರು. ಕನ್ನಡದಲ್ಲೂ ತೆಲುಗಿನಲ್ಲೂ ಹಾಡು ಕಟ್ಟುತ್ತಾರೆ. ಸ್ವರ ಬರೆದು ಓದುವ ರೂಢಿ ಇಲ್ಲ, ಎಲ್ಲವೂ ಕಿವಿಯಿಂದಲೇ. ಊರಿನಲ್ಲಿ ಅವರ ಜತೆ ತಮಟೆ, ದಮ್ಮಡಿ, ಹಾರ್ಮೋನಿಯಂ ಮತ್ತು ಸೊಲ್ಲು ಎತ್ತಿಕೊಳ್ಳುವ ಹಿಮ್ಮೇಳ ಇರುತ್ತದೆ. ಬೆಂಗಳೂರಿನ ನಾಲ್ವರ ಜಾಝ್ ತಂಡವೊಂದು (ಪಿಯಾನೊ, ಡಬಲ್ ಬಾಸ್, ಡ್ರಮ್ಸ್, ಆಲ್ಟೊ ಸ್ಯಾಕ್ಸೋಫೋನ್) ಅವರ ಹಾಡುಗಳನ್ನು ಕೇಳಿ, ಒಟ್ಟಿಗೆ ಮಾಡೋಣ ಎಂದಿತು. ಎರಡೂ ಕಡೆ ಆಸೆ ಇತ್ತು, ಕಸುಬೂ ಇತ್ತು. ಆದರೂ ಮೊದಲ ಅಭ್ಯಾಸಗಳು ಕೆಟ್ಟವು. ಯಾಕೆ ಕೆಟ್ಟವು, ಯಾವುದನ್ನು ಸರಿಮಾಡಿದ ಮೇಲೆ ಹಾಡು ನಿಂತಿತು ಎನ್ನುವುದು ಜನಪದದಿಂದ ಜಾಝ್ ಕಡೆಗೆ ನೋಡುತ್ತಿರುವ ಯಾರಿಗಾದರೂ ಉಪಯೋಗಕ್ಕೆ ಬರುತ್ತದೆ.

ನಮ್ಮ ನೆಲದಲ್ಲಿ ಇಂಥ ಪ್ರಯತ್ನ ಹೊಸದಲ್ಲ. ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ 1983ರಷ್ಟು ಹಿಂದೆಯೇ ಬೆಂಗಳೂರಿನ ಟಿ.ಎ.ಎಸ್. ಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದೊಂದಿಗೆ ಧ್ವನಿಮುದ್ರಣ ಮಾಡಿದ್ದರು. ಅದರಲ್ಲಿ ಹಾಡಿದವರು ಆರ್.ಎ. ರಮಾಮಣಿ. ಆದರೆ ಅಲ್ಲಿ ನಮ್ಮ ಕಡೆಯವರಿಗೆ ತಾಳ, ಕೊನ್ನಕೋಲುಗಳ (ಬಾಯಲ್ಲಿ ಹೇಳುವ ಲಯದ ಸೊಲ್ಲುಗಳ) ಲೆಕ್ಕ ನಾಲಗೆಯ ಮೇಲಿತ್ತು. ಜನಪದದವರಿಗೆ ಲಯ ಮೈಯಲ್ಲೇ ಇರುತ್ತದೆ, ಲೆಕ್ಕ ಇರುವುದಿಲ್ಲ. ಈ ಪ್ರಕರಣ ತಿರುಗಿದ್ದು ಆ ಒಂದು ವ್ಯತ್ಯಾಸದ ಸುತ್ತ.

ಮೊದಲು ಆದದ್ದು

ಆರಿಸಿಕೊಂಡ ಹಾಡು ಕೆರೆಯದು. 2018ರಲ್ಲಿ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬರತೊಡಗಿದ ಮೇಲೆ ಕಟ್ಟಿದ್ದು. ಪಲ್ಲವಿ ಹೀಗಿದೆ:

ಕೆರೆಯ ತುಂಬ ನೀರು ಬಂತು
ಕೋಡಿ ಹರಿವ ದಿನವು ಎಂದು

ಮಟ್ಟು ಐದು ಸ್ವರದ್ದು, ಮೋಹನಕ್ಕೆ ಹತ್ತಿರ: ಸ ರಿ ಗ ಪ ದ. ಶ್ರುತಿ ಹಾರ್ಮೋನಿಯಂ ಲೆಕ್ಕದಲ್ಲಿ ಐದೂವರೆ ಮನೆ. ಎರಡನೇ ಚರಣ ಮೇಲಿನ ಷಡ್ಜಕ್ಕೆ ಏರಿ, ಅಲ್ಲಿ ‘ಓ...’ ಎಂದು ಒಂದು ಎಳೆತ ಬರುತ್ತದೆ. ಊರಿನಲ್ಲಿ ಜನ ಸಿಳ್ಳೆ ಹಾಕುವುದು ಅಲ್ಲೇ.

ತಂಡದವರು ಎಲ್ಲರೂ ಮಾಡುವುದನ್ನೇ ಮಾಡಿದರು: ಮಟ್ಟು ಕೇಳಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಾಕಿದರು. ಹಾಡು ಶುರುವಾಗಿ ಎರಡನೇ ಚರಣ ಮುಟ್ಟುವಷ್ಟರಲ್ಲಿ ಬಾಸ್ ಒಂದು ಕಡೆ, ಪಿಯಾನೊ ಇನ್ನೊಂದು ಕಡೆ. ಪಿಯಾನೊದವರು, "ಅಕ್ಕಾ, ನೀವು ಎಲ್ಲಿ ಸಮಕ್ಕೆ ಬರ್ತೀರಾ ಅನ್ನೋದೇ ಸಿಗ್ತಿಲ್ಲ" ಎಂದರು. ಗಾಯಕಿ, "ನಮ್ ತಮಟೆಯೋರು ನನ್ನ ಬಾಯಿ ನೋಡ್ಕೊಂಡೇ ಹೊಡೀತಾರೆ, ನೀವೂ ಅಂಗೇ ನೋಡಿ" ಎಂದರು.

ಇಬ್ಬರ ಮಾತೂ ಸರಿಯೇ. ತಮಟೆಯವರು ಒಂದೇ ನಡೆಯನ್ನು ತಿರುಗಿಸುತ್ತಿರುತ್ತಾರೆ. ಗಾಯಕಿ ಎಳೆತವನ್ನು ಎಷ್ಟು ಎಳೆದರೂ ನಡೆ ಮುಂದುವರಿಯುತ್ತದೆ, ಅವರು ಇಳಿದಾಗ ಮುಕ್ತಾಯದ ಪೆಟ್ಟು ಬೀಳುತ್ತದೆ. ಅಲ್ಲಿ ಏನೂ ತಪ್ಪಲು ಸಾಧ್ಯವಿಲ್ಲ. ಜಾಝ್ ತಂಡದಲ್ಲಿ ಹಾಗಲ್ಲ. ಅಲ್ಲಿ ಹಾಡಿಗೆ ಸಾಮಾನ್ಯವಾಗಿ 12, 16 ಅಥವಾ 32 ಆವರ್ತಗಳ (ಇಲ್ಲಿ ನಾಲ್ಕು ಎಣಿಕೆಗೊಂದು ಆವರ್ತ) ಒಂದು ಚೌಕಟ್ಟು ಇರುತ್ತದೆ. ಯಾವ ಆವರ್ತಕ್ಕೆ ಯಾವ ಕಾರ್ಡ್ ಎನ್ನುವುದು ನಿಗದಿ. ಹಾಡು ಮುಗಿದ ಮೇಲೆ ಅದೇ ಚೌಕಟ್ಟು ತಿರುಗುತ್ತಲೇ ಇರುತ್ತದೆ, ಅದರ ಮೇಲೆ ಒಬ್ಬೊಬ್ಬರು ಮನೋಧರ್ಮ, ಅಂದರೆ ಆ ಕ್ಷಣಕ್ಕೆ ಹೊಳೆದದ್ದನ್ನು, ನುಡಿಸುತ್ತಾರೆ. ಗಾಯಕಿ ಒಂದು ಆವರ್ತ ಹೆಚ್ಚು ಎಳೆದರೆ ಬಾಸ್‌ನವರು ಮುಂದಿನ ಕಾರ್ಡ್‌ಗೆ ಹೋಗಿರುತ್ತಾರೆ, ಪಿಯಾನೊದವರು ಕಾಯುತ್ತಿರುತ್ತಾರೆ, ಡ್ರಮ್ಸ್‌ನವರು ಎಂಟನೇ ಆವರ್ತದ ತಿರುವು ಹೊಡೆದು ಮುಗಿಸಿರುತ್ತಾರೆ.

ಇದನ್ನು ಅಲ್ಲಿದ್ದವರು ‘ಅಕ್ಕನಿಗೆ ಹಾರ್ಮೊನಿ ಗೊತ್ತಿಲ್ಲ’ ಎಂದು ಓದಿಕೊಂಡರು. ಕಾರ್ಡ್ ಪಾಠ ಶುರುವಾಯಿತು, ಪಿಯಾನೊ ಮುಂದೆ ಕೂರಿಸಿ ಮೇಜರ್, ಮೈನರ್ ಗುರುತಿಸುವುದು ಶುರುವಾಯಿತು. ಇದು ತಪ್ಪು ಕಡೆಯಿಂದ ಹಿಡಿದ ಕೆಲಸ. ಗಾಯಕಿಗೆ ಮೊದಲು ಬೇಕಿದ್ದದ್ದು ಎಣಿಕೆ. ಕಾರ್ಡ್‌ಗಳ ತೊಂದರೆ ನಿಜವೇ ಆದರೂ ಅದು ಪಿಯಾನೊದವರು ಪರಿಹರಿಸಬೇಕಾದ್ದು, ಗಾಯಕಿಯದಲ್ಲ.

ಎಣಿಸಿ ನೋಡಿದಾಗ ಕಂಡದ್ದು

ಊರಿನ ಕಾರ್ಯಕ್ರಮದ ಮೊಬೈಲ್ ರೆಕಾರ್ಡಿಂಗ್ ತೆಗೆದುಕೊಂಡು, ನಾಲ್ಕು ಎಣಿಕೆಗೊಂದು ಗೀಟು ಹಾಕುತ್ತಾ ಹಾಳೆಯ ಮೇಲೆ ಇಳಿಸಿದರು. ಗಾಯಕಿ ಒಂದು ಸಾಲು ಹೇಳುತ್ತಾರೆ, ಅದು ಒಂದು ಆವರ್ತ. ಹಿಮ್ಮೇಳ ಅದನ್ನೇ ತಿರುಗಿ ಹೇಳುತ್ತದೆ, ಅದು ಇನ್ನೊಂದು. ಎರಡು ಸಾಲಿನ ಪಲ್ಲವಿಗೆ ನಾಲ್ಕು ಆವರ್ತ, ಎರಡು ಸಲ ಹಾಡಿದರೆ ಎಂಟು. ಮೊದಲ ಚರಣ ಪಲ್ಲವಿಯ ಧಾಟಿಯಲ್ಲೇ ಎಂಟು. ಏರು ಚರಣ ಬೇರೆ ಧಾಟಿಯಲ್ಲಿ ಎಂಟು. ಮತ್ತೆ ಪಲ್ಲವಿ ಎಂಟು. ಅಂದರೆ ಅದೇ ಧಾಟಿ ಎರಡು ಸಲ, ನಡುವೆ ಬೇರೆಯದು, ಮತ್ತೆ ಮೊದಲಿನದು: ಒಟ್ಟು 32. ಜಾಝ್‌ನವರು ಹಗಲೂ ರಾತ್ರಿ ನುಡಿಸುವ ಎಎಬಿಎ ಚೌಕಟ್ಟು ಇದೇ. ಹಾಳೆ ನೋಡಿದ ಮೇಲೆ ತಂಡದವರ ಮುಖವೇ ಬದಲಾಯಿತು.

ಎಳೆತ ಮಾತ್ರ ಚೌಕಟ್ಟಿಗೆ ಸಿಗಲಿಲ್ಲ. ಒಂದು ರೆಕಾರ್ಡಿಂಗಿನಲ್ಲಿ ಅದು ಎರಡು ಆವರ್ತಕ್ಕಿಂತ ಕಡಿಮೆ, ಇನ್ನೊಂದರಲ್ಲಿ ಹೆಚ್ಚುಕಡಿಮೆ ಐದು. ಅದನ್ನು ಎರಡಕ್ಕೆ ಕತ್ತರಿಸುವ ಸಲಹೆ ಬಂತು. ಒಪ್ಪದೇ ಇದ್ದದ್ದು ಒಳ್ಳೆಯದಾಯಿತು, ಹಾಡಿನ ಜೀವ ಇರುವುದೇ ಅಲ್ಲಿ. ಪರಿಹಾರ ಹೀಗೆ ನಿಂತಿತು: ಗಾಯಕಿ ಹಾಡುವ ಸುತ್ತಿನಲ್ಲಿ ಏರು ಚರಣದ ಕೊನೆಗೆ ತಂಡ ಒಂದೇ ಕಾರ್ಡ್ ಮೇಲೆ ಸುತ್ತುತ್ತಾ ಕಾಯುತ್ತದೆ. ಗಾಯಕಿ ಎಡಗೈ ಎತ್ತುತ್ತಾರೆ. ಕೈ ಎತ್ತಿದ ಮೇಲೆ ಬರುವ ಮೊದಲ ಸಮಕ್ಕೆ (ಆವರ್ತದ ಒಂದನೇ ಎಣಿಕೆಗೆ) ಎಲ್ಲರೂ ಪಲ್ಲವಿಗೆ ಇಳಿಯುತ್ತಾರೆ. ವಾದ್ಯದವರ ಮನೋಧರ್ಮದ ಸುತ್ತುಗಳಲ್ಲಿ ಎಳೆತವೇ ಇಲ್ಲ, ನೇರ 32. ಕೈಯನ್ನು ಮೂರನೇ ಎಣಿಕೆಯ ಒಳಗೆ ಎತ್ತಬೇಕು. ನಾಲ್ಕನೆಯದರ ಮೇಲೆ ಎತ್ತಿದರೆ ಅರ್ಧ ತಂಡ ನೋಡಿರುತ್ತದೆ, ಅರ್ಧ ನೋಡಿರುವುದಿಲ್ಲ.

ಹಿಮ್ಮೇಳ ತಿರುಗಿ ಹೇಳುತ್ತಿದ್ದ ಆವರ್ತಗಳು ಖಾಲಿ ಬಿದ್ದವಲ್ಲ, ಅವನ್ನು ಸ್ಯಾಕ್ಸೋಫೋನಿಗೆ ಕೊಟ್ಟರು. ಮೊದಲು ಅವರು ಗಾಯಕಿಯ ಸಾಲಿನ ಮೇಲೂ ನುಡಿಸುತ್ತಿದ್ದರು, ಮಾತು ಕೇಳುತ್ತಿರಲಿಲ್ಲ. ‘ಸಾಲಿಗೆ ಬಾಯಿ ಮುಚ್ಚಿ, ಸೊಲ್ಲಿಗೆ ಬನ್ನಿ’ ಎಂಬ ಒಂದೇ ನಿಯಮ ಸಾಕಾಯಿತು.

ತುಂಬ, ನೀರು, ಬಂತು

ಸ್ವಿಂಗ್ ಎನ್ನುವ ಜಾಝ್‌ನ ಓಲಾಡುವ ನಡೆಯನ್ನು ಕಲಿಸುವ ಬಗೆಯಲ್ಲೂ ದಾರಿ ತಪ್ಪಿತ್ತು. ಒಂದು ಎಣಿಕೆಯನ್ನು ಸಮವಾಗಿ ಎರಡು ಮಾಡಿ ಹಾಡಿಸಿ, ಆಮೇಲೆ ‘ಸ್ವಲ್ಪ ಓಲಾಡಿಸಿ’ ಎಂದರು. ಗಾಯಕಿ ಓಲಾಡಿಸಿದಷ್ಟೂ ಹಾಡು ಕುಂಟುತ್ತಿತ್ತು.

ಮಧ್ಯಮ ವೇಗದ ಸ್ವಿಂಗ್‌ನಲ್ಲಿ ಒಂದು ಎಣಿಕೆಯ ಒಳಗೆ ಎರಡು ಸ್ವರ ಬಂದರೆ ಮೊದಲನೆಯದು ಉದ್ದ, ಎರಡನೆಯದು ಗಿಡ್ಡ, ಸುಮಾರಾಗಿ 2ಕ್ಕೆ 1. ಅಂದರೆ ತಿಶ್ರ ನಡೆಯ ಮೂರು ಮಾತ್ರೆಗಳಲ್ಲಿ ಮೊದಲ ಎರಡು ಕೂಡಿಕೊಂಡಿವೆ. ಈಗ ಪಲ್ಲವಿಯನ್ನು ಮಾತ್ರೆ ಹಾಕಿ ನೋಡಿ: ಕೆರೆಯ, ಮೂರು ಲಘು. ತುಂಬ, ಒಂದು ಗುರು ಒಂದು ಲಘು. ನೀರು, ಗುರು ಲಘು. ಬಂತು, ಗುರು ಲಘು. ಮೂರು ಮಾತ್ರೆಯ ನಾಲ್ಕು ಗಣ, ಒಂದು ಆವರ್ತ. ಗುರು-ಲಘು ಎಂದರೆ 2ಕ್ಕೆ 1 ತಾನೆ? ಸ್ವಿಂಗ್ ಮಾತಿನಲ್ಲೇ ಕೂತಿದೆ. ಅದನ್ನು ಹೊರಗಿನಿಂದ ತಂದು ಹಾಕಲು ಹೋಗಿ ಇದ್ದದ್ದನ್ನೇ ಕೆಡಿಸುತ್ತಿದ್ದರು. ಮೂರು ಮಾತ್ರೆಯ ನಡೆ ನಮ್ಮ ಪದಗಳಲ್ಲಿ ಧಾರಾಳವಾಗಿದೆ. ಜಾಝ್‌ಗೆ ಹೋಗಬೇಕೆನ್ನುವವರು ತಮ್ಮ ಹಾಡುಗಳಲ್ಲಿ ಮೊದಲು ಇಂಥವನ್ನೇ ಹೆಕ್ಕಿಕೊಳ್ಳಬೇಕು. ನಾಲ್ಕು ಮಾತ್ರೆಯ ನಡೆಯವನ್ನು ಸ್ವಿಂಗ್‌ಗೆ ಬಗ್ಗಿಸಿದರೆ ಪದ ಒಡೆಯುತ್ತದೆ.

ಇಲ್ಲಿ ಕಲಿಯಬೇಕಾದ ಒಂದು ಸಂಗತಿ ಮಾತ್ರ ಹೊಸದು. ತಮಟೆಯ ಜತೆ ಹಾಡುವಾಗ ಒತ್ತು ಗುರುವಿನ ಮೇಲೆ, ಲಘು ತೇಲಿಹೋಗುತ್ತದೆ. ಸ್ವಿಂಗ್‌ನಲ್ಲಿ ಆ ಲಘುವಿಗೇ ಒಂದು ಸಣ್ಣ ತಳ್ಳು ಬೇಕು. ಅಭ್ಯಾಸದ ಕ್ರಮ: ‘ತಕಿಟ’ವನ್ನು ಒಂದು ಎಣಿಕೆಗೆ ಒಂದರಂತೆ ಹೇಳುತ್ತಾ ಹೋಗುವುದು. ಕೈ ನಿಂತ ಮೇಲೆ ‘ಕಿ’ಯನ್ನು ನುಂಗಿ ‘ತ-ಟ’ ಅಷ್ಟೇ. ಆಮೇಲೆ ‘ಟ’ಗೆ ಒತ್ತು. ಕೊನೆಗೆ ಅದೇ ಜಾಗಕ್ಕೆ ಪಲ್ಲವಿಯ ಅಕ್ಷರ. ವೇಗ ನಿಮಿಷಕ್ಕೆ 100 ಎಣಿಕೆಯ ಆಸುಪಾಸಿನಲ್ಲಿ ಇದು ಚೆನ್ನಾಗಿ ಕೂರುತ್ತದೆ. 200 ದಾಟಿದರೆ ಜಾಝ್‌ನವರೇ ಎರಡು ಸ್ವರಗಳನ್ನು ಹೆಚ್ಚುಕಡಿಮೆ ಸಮವಾಗಿ ನುಡಿಸುತ್ತಾರೆ, ಅಲ್ಲಿ ತಕಿಟ ಹಿಡಿದು ಕೂತರೆ ಹಿಂದೆ ಬೀಳುತ್ತೀರಿ.

ವೇಗ ಏರುವುದು ಇನ್ನೊಂದು ತೊಡಕು. ಊರಿನಲ್ಲಿ ಹಾಡು 96ಕ್ಕೆ ಶುರುವಾಗಿ, ಜನ ಕೂಡಿಕೊಂಡಂತೆ 120 ಮುಟ್ಟುತ್ತಿತ್ತು. ಅಲ್ಲಿ ಅದು ಗುಣ. ಇಲ್ಲಿ ಹಾಡಿನ ಭಾರ ಹಾರಿಹೋಗುತ್ತದೆ. ಮೊಬೈಲಿನ ಮೆಟ್ರೊನೋಮ್ ಆ್ಯಪನ್ನು 100ಕ್ಕೆ ಇಡದೆ 50ಕ್ಕೆ ಇಟ್ಟು, ಅದರ ಟಿಕ್ ಎರಡು ಮತ್ತು ನಾಲ್ಕನೇ ಎಣಿಕೆಗೆ ಬೀಳುವಂತೆ ಹಾಡಿಸಿದರು. ಒಂದು, ಮೂರು ಗಾಯಕಿಯ ಹೊಣೆ. ಡ್ರಮ್ಸ್‌ನವರು ಕಾಲಿನಿಂದ ಹೈ-ಹ್ಯಾಟ್ (ಜೋಡಿ ಲೋಹದ ತಟ್ಟೆ) ಮುಚ್ಚುವುದು ಅದೇ ಎರಡು ಮತ್ತು ನಾಲ್ಕಕ್ಕೆ, ಹಾಗಾಗಿ ವೇದಿಕೆಯಲ್ಲಿ ಕಿವಿಗೆ ಗುರುತು ಸಿಗುತ್ತದೆ. ಇಲ್ಲಿ ಕಾಲಿನ ಗೆಜ್ಜೆ ಅಡ್ಡ ಬಂತು. ಸಮಕ್ಕೆ ಹೆಜ್ಜೆ ಹಾಕುವ ರೂಢಿಯಿಂದ ಗೆಜ್ಜೆ ಒಂದು, ಮೂರಕ್ಕೆ ಝಲ್ಲೆನ್ನುತ್ತಿತ್ತು, ಹೈ-ಹ್ಯಾಟ್ ಅದರ ಎದುರಿಗೆ. ಗೆಜ್ಜೆಯನ್ನು ಪೀಠಿಕೆಗೆ ಮಾತ್ರ ಇಟ್ಟುಕೊಂಡು, ಹಾಡು ಶುರುವಾದ ಮೇಲೆ ಕಾಲು ಸುಮ್ಮನಿಡುವುದೆಂದಾಯಿತು.

ಕಾರ್ಡ್ ಯಾರ ಕೆಲಸ

ಐದೂವರೆ ಮನೆಯನ್ನು ತಂಡಕ್ಕೆ ‘ಜಿ ಶಾರ್ಪ್’ ಎಂದು ಹೇಳಿದರೆ ಯಾರಿಗೂ ಹಿತವಿಲ್ಲ. ‘ಎ ಫ್ಲಾಟ್’ ಎನ್ನಬೇಕು. ಮನೆ ಒಂದೇ, ಆದರೆ ಬರೆಯುವ ಲೆಕ್ಕ ಸಲೀಸು. ಆಲ್ಟೊ ಸ್ಯಾಕ್ಸಿಗೆ ಅದು ಎಫ್ ಮೇಜರ್ ಆಗುತ್ತದೆ, ಟೆನರ್‌ಗೆ ಬಿ ಫ್ಲಾಟ್, ಎರಡೂ ಅವರಿಗೆ ಮನೆಯಂಗಳ. ಶ್ರುತಿಯನ್ನು ನಾಲ್ಕು ಮನೆಗೆ ಇಳಿಸಿ ಸಹ ನೋಡಿದರು. ಗಂಟಲಿಗೆ ಆರಾಮ, ಆದರೆ ಮೇಲಿನ ಷಡ್ಜದ ಎಳೆತದ ಹರಿತ ಹೋಯಿತು. ಹಾಗಾಗಿ ಮೂಲ ಶ್ರುತಿಯೇ ಉಳಿಯಿತು.

ಪಿಯಾನೊದವರು ಮೊದಲು ಹಾಕಿದ್ದು ಪಾಠದ ಕಾರ್ಡ್‌ಗಳನ್ನು. ಸಾಲಿನ ಕೊನೆಗೆ ಇ ಫ್ಲಾಟ್ ಸೆವೆನ್. ಅದರೊಳಗೆ ಕಾಕಲಿ ನಿಷಾದವಿದೆ. ಗಾಯಕಿ ಅದೇ ಹೊತ್ತಿಗೆ ಷಡ್ಜದ ಮೇಲೆ ನಿಂತಿರುತ್ತಾರೆ. ಅರ್ಧ ಮನೆ ಅಂತರದಲ್ಲಿ ಎರಡು ಸ್ವರ ಉಜ್ಜಿಕೊಂಡಾಗ ಕೇಳುವವರಿಗೆ ಗಾಯಕಿಯೇ ಬೇಸುರಾದಂತೆ ಕೇಳುತ್ತದೆ. ಶ್ರುತಿ ತಪ್ಪಿದ್ದು ಅವರದಲ್ಲ. ಪರಿಹಾರ ಮಟ್ಟನ್ನು ಬದಲಿಸುವುದಲ್ಲ, ಐದು ಸ್ವರಕ್ಕೂ ಎಡೆ ಕೊಡುವ ಕಾರ್ಡ್ ಹುಡುಕುವುದು. ಕೊನೆಗೆ ಉಳಿದವು ನಾಲ್ಕು:

ಎ ಫ್ಲಾಟ್ ಸಿಕ್ಸ್-ನೈನ್: ಸ ಗ ಪ ದ ರಿ. ಮಟ್ಟಿನ ಐದೂ ಸ್ವರ ಇದೊಂದರಲ್ಲೇ ಇವೆ.
ಎಫ್ ಮೈನರ್ ಸೆವೆನ್: ದ ಸ ಗ ಪ.
ಡಿ ಫ್ಲಾಟ್ ಮೇಜರ್ ಸೆವೆನ್: ಮ ದ ಸ ಗ. ಮಧ್ಯಮ ಹೊಸದು, ಗಾಂಧಾರಕ್ಕೆ ಅರ್ಧ ಮನೆ ದೂರ, ಆದರೆ ಗಾಂಧಾರವೂ ಇದೇ ಕಾರ್ಡ್‌ನಲ್ಲಿದೆ.
ಇ ಫ್ಲಾಟ್ ನೈನ್ ಸಸ್: ಪ ಸ ರಿ ಮ ದ. ನಿಷಾದ ಇಲ್ಲ, ಷಡ್ಜ ಇದೆ.

ಆವರ್ತಕ್ಕೊಂದರಂತೆ ಈ ನಾಲ್ಕು ತಿರುಗುತ್ತವೆ. ಎಳೆತದ ಜಾಗದಲ್ಲಿ ಕಾಯುವುದು ಕೊನೆಯದರ ಮೇಲೆ. ಷಡ್ಜ ಅದರೊಳಗೇ ಇರುವುದರಿಂದ ಎಷ್ಟು ಹೊತ್ತು ಎಳೆದರೂ ಘರ್ಷಣೆಯಿಲ್ಲ, ಆದರೂ ಇನ್ನೂ ಮನೆ ಮುಟ್ಟಿಲ್ಲ ಎಂಬ ತವಕ ಉಳಿಯುತ್ತದೆ.

ಗಾಂಧಾರದ ವಿಷಯ ಇನ್ನೂ ಸೂಕ್ಷ್ಮ. ಪಿಯಾನೊದ ಗಾಂಧಾರ ಷಡ್ಜದಿಂದ 400 ಸೆಂಟ್ಸ್ ದೂರ (ಅರ್ಧ ಮನೆಗೆ 100 ಸೆಂಟ್ಸ್). ತಂಬೂರಿಗೆ ಕೂಡುವ ಅಂತರ ಗಾಂಧಾರ ಸುಮಾರು 386. ಈ ಗಾಯಕಿ ಇನ್ನೂ ಕೆಳಗಿನಿಂದ ಜಾರಿಸಿಕೊಂಡು ಬರುತ್ತಾರೆ, ಕೆಲವೊಮ್ಮೆ ಅರ್ಧ ಮನೆ ಕೆಳಗಿನ ಸಾಧಾರಣ ಗಾಂಧಾರಕ್ಕೂ ಈ ಅಂತರ ಗಾಂಧಾರಕ್ಕೂ ನಡುವೆಯೇ ನಿಲ್ಲುತ್ತಾರೆ. ಇದನ್ನು ‘ತಿದ್ದಲು’ ಹೊರಡಬಾರದು. ಅಮೆರಿಕದ ಕಪ್ಪು ಜನರ ಬ್ಲೂಸ್ ಹಾಡುವವರ ಮೂರನೇ ಸ್ವರ ಇರುವುದೂ ಅದೇ ನಡುಮನೆಯಲ್ಲಿ, ಜಾಝ್ ಬೆಳೆದದ್ದು ಅದರ ಮೇಲೆಯೇ. ಆದ್ದರಿಂದ ಗಾಯಕಿ ಗಾಂಧಾರದ ಮೇಲೆ ನಿಲ್ಲುವ ಕಡೆಗಳನ್ನು ಹಾಳೆಯಲ್ಲಿ ಗುರುತು ಹಾಕಿ, ಅಲ್ಲಿ ಪಿಯಾನೊದವರು ಗಾಂಧಾರ ಬಿಟ್ಟು ಸ, ಪ, ರಿ ಮಾತ್ರ ಒತ್ತುತ್ತಾರೆ. ಸ್ಯಾಕ್ಸ್‌ನವರು ತುಟಿಯಿಂದ ಸ್ವರ ಬಗ್ಗಿಸಬಲ್ಲರು, ಅವರು ಜತೆಗೆ ನುಡಿಸಿದರೆ ತೊಂದರೆಯಿಲ್ಲ.

ಮನೋಧರ್ಮಕ್ಕೆ ಬಂದರೆ, ಅಮೆರಿಕದ ಹಾಡುಗಾರರಂತೆ ‘ಡು-ಬಿ-ಡು’ ಹೇಳಿಸಿದ ಪ್ರಯತ್ನ ನಿಲ್ಲಲಿಲ್ಲ. ಬಾಯಿಗೆ ಬಾರದ ಅಕ್ಷರ ಹುಡುಕುವುದರಲ್ಲೇ ಲಯ ಕಳೆಯುತ್ತಿತ್ತು. ‘ತಂದಾನ ತಾನ’ ಇದ್ದೇ ಇದೆ. ಅದರ ‘ನ’ ಮೂಗಿನಲ್ಲಿ ಮೆತ್ತಗೆ ಅಡಗುವುದರಿಂದ ಜಾಝ್‌ಗೆ ಬೇಕಾದ ನುಂಗಿದ ಸ್ವರಗಳು ತಾವಾಗಿ ಬರುತ್ತವೆ. ಶುರುವಿಗೆ ಮಟ್ಟಿನ ಸ್ವರ ಬದಲಿಸದೆ ಲಯ ಮಾತ್ರ ಬದಲಿಸುವುದು, ಅದೂ ಎರಡು ಆವರ್ತ. ಕೈ ಕುದುರಿದ ಮೇಲೆ ಕೊನೆಯ ಸ್ವರ ಬದಲಿಸುವುದು. ನಂತರ ಸ್ಯಾಕ್ಸ್ ಜತೆ ನಾಲ್ಕು ಆವರ್ತ ಅವರು, ನಾಲ್ಕು ಆವರ್ತ ಇವರು. ಸವಾಲು-ಜವಾಬು ಹಾಡಿ ಬೆಳೆದವರಿಗೆ ಇದು ಬೇಗ ಒಗ್ಗುತ್ತದೆ.

ತಮಟೆ, ಮೈಕು

ತಮಟೆಯನ್ನು ಬಿಡಲು ಗಾಯಕಿಗೆ ಮನಸ್ಸಿರಲಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಇದೇ ವಾದ್ಯಕ್ಕೆ. ಆದರೆ ಚರ್ಮದ ತಮಟೆಯನ್ನು ಬೆಂಕಿಗೆ ಕಾಯಿಸಿ ಬಿಗಿ ಮಾಡಬೇಕು. ಎ.ಸಿ. ಸಭಾಂಗಣದಲ್ಲಿ ಬೆಂಕಿ ಹಚ್ಚುವಂತಿಲ್ಲ, ಹೊರಗೆ ಕಾಯಿಸಿ ತಂದರೆ ಸ್ವಲ್ಪ ಹೊತ್ತಿಗೆ ಚರ್ಮ ಇಳಿದು ದಬದಬ ಎನ್ನುತ್ತದೆ. ಸಣ್ಣ ಕೋಣೆಯಲ್ಲಿ ಕೋಲಿನ ಪೆಟ್ಟಿಗೆ ಡಬಲ್ ಬಾಸ್ ಪೂರ್ತಿ ಮುಳುಗುತ್ತದೆ. ಬೋಲ್ಟ್ ಬಿಗಿಯುವ ಫೈಬರ್ ತಮಟೆ ಶ್ರುತಿ ಹಿಡಿಯಿತಾದರೂ ಅದರ ಕೀರಲು ಸದ್ದು ಸಿಂಬಲ್ ಜತೆ ಜಗಳಕ್ಕೆ ನಿಂತಿತು. ಕಡೆಗೆ ಪೀಠಿಕೆಯಲ್ಲಿ ಡ್ರಮ್ಸ್ ಇಲ್ಲದೆ ಚರ್ಮದ ತಮಟೆ ಒಂದೇ, ಹಾಡಿನೊಳಗೆ ಬೆರಳಿನಿಂದ ನುಡಿಸುವ ದಮ್ಮಡಿ, ಡ್ರಮ್ಸ್‌ನವರ ಕೈಯಲ್ಲಿ ಕೋಲಿನ ಬದಲು ಬ್ರಷ್, ಹೀಗೆ ಇತ್ಯರ್ಥವಾಯಿತು.

ಬಯಲಿನ ದನಿಗೆ ಮೈಕಿನ ದೂರವೇ ವಾಲ್ಯೂಮ್. ಶೂರ್ ಎಸ್‌ಎಂ58ನಂಥ ಮೈಕನ್ನು ತುಟಿಗೆ ತಾಗಿಸಿದರೆ ಕೆಳದನಿ ಉಬ್ಬಿ ಮಾತು ಮಸುಕಾಗುತ್ತದೆ. ಪಲ್ಲವಿಗೆ ನಾಲ್ಕು ಬೆರಳಷ್ಟು, ಎಳೆತಕ್ಕೆ ಒಂದು ಗೇಣು. ಕೈ ಎತ್ತುವ ಸನ್ನೆ ಎಡಗೈಯದಾಗಿರಲು ಕಾರಣವೂ ಇದೇ, ಬಲಗೈ ಮೈಕಿಗೆ ಮೀಸಲು.

ಒಗ್ಗದ ಹಾಡು

ತಾಳವಿಲ್ಲದೆ ತೇಲುವ ಒಂದು ತತ್ವಪದವನ್ನೂ ಸೇರಿಸುವ ಯೋಚನೆ ಇತ್ತು. ಅದಕ್ಕೆ ಯಾವ ಕಾರ್ಡ್ ಹಾಕಿದರೂ ಪದದ ಅರ್ಥ ಬೇರೆ ಕಡೆ ತಿರುಗುತ್ತಿತ್ತು: ಮೈನರ್ ಕಾರ್ಡ್ ಬಂದರೆ ಅಳು, ಮೇಜರ್ ಬಂದರೆ ಸಡಗರ. ತತ್ವಪದಕ್ಕೆ ಎರಡೂ ಸಲ್ಲ. 1950ರ ದಶಕದ ಕೊನೆಯಲ್ಲಿ ಜಾಝ್‌ನವರೇ ಕಾರ್ಡ್‌ಗಳ ಓಟ ಬಿಟ್ಟು ಒಂದೇ ಸ್ವರಶ್ರೇಣಿಯ ಮೇಲೆ ನಿಲ್ಲುವ ಮೋಡಲ್ ಮಾರ್ಗ ಹಿಡಿದಿದ್ದರು. ಅದರಂತೆ ಬಾಸ್‌ನವರು ಬಿಲ್ಲಿನಿಂದ ಸ-ಪ ಎಳೆಯುತ್ತಾರೆ, ಪಿಯಾನೊ ಪೂರ್ತಿ ಮೌನ. ಅದು ಜಾಝ್ ಹೌದೋ ಅಲ್ಲವೋ ಎಂದು ತಂಡದಲ್ಲೇ ಎರಡು ಅಭಿಪ್ರಾಯವಿದೆ. ಪದ ಉಳಿಯಿತು ಎನ್ನುವುದೇ ನಮಗೆ ದೊಡ್ಡದು.

ಕಾಗದ

ಧ್ವನಿಮುದ್ರಣಕ್ಕೆ ಮೊದಲೇ ಕರಾರು ಬರೆದುಕೊಂಡರು, ಇದನ್ನು ಯಾರೂ ಮುಂದೂಡಬಾರದು. ಸಾಹಿತ್ಯ ಗಾಯಕಿಯದು. ಪಲ್ಲವಿಯ ಮಟ್ಟೂ ಅವರದೇ. ಏರು ಚರಣದ ಧಾಟಿ ಅಜ್ಜಿಯ ಬೀಸುವ ಪದದ್ದು, ಅದನ್ನು ‘ಜನಪದ ಮಟ್ಟು’ ಎಂದೇ ಬರೆದರು, ಯಾರ ಹೆಸರಿಗೂ ಹಾಕಲಿಲ್ಲ. ಕಾರ್ಡ್ ಜೋಡಣೆಗೆ ಪಿಯಾನೊದವರಿಗೆ ಒಂದು ಸಲದ ಸಂಭಾವನೆ ಮತ್ತು ಹೆಸರು. ಧ್ವನಿಮುದ್ರಣದ ಹಕ್ಕು ನಿರ್ಮಾಪಕರಿಗೆ ಸೇರುತ್ತದೆ, ಆದ್ದರಿಂದ ಸ್ಟುಡಿಯೊ ಖರ್ಚನ್ನು ಗಾಯಕಿಯೇ ಹಾಕಿದರು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ, ಹಕ್ಕು ವರ್ಗಾವಣೆ ಪತ್ರದಲ್ಲಿ ಅವಧಿ ಬರೆಯದಿದ್ದರೆ ಅದು 5 ವರ್ಷ ಎಂದೇ ಲೆಕ್ಕ. 2012ರ ತಿದ್ದುಪಡಿಯ ಮೇಲೆ ಸಿನಿಮಾದಲ್ಲಿ ಅಥವಾ ಧ್ವನಿಮುದ್ರಣದಲ್ಲಿ ಸೇರಿದ ಸಾಹಿತ್ಯ, ಸಂಗೀತಗಳ ರಾಯಧನದ ಪಾಲನ್ನು ಬರೆದವರು ವಾರಸುದಾರರಿಗೆ ಅಥವಾ ಕೃತಿಸ್ವಾಮ್ಯ ಸಂಘಕ್ಕೆ ಬಿಟ್ಟು ಬೇರೆಯವರಿಗೆ ಬರೆದುಕೊಡುವಂತಿಲ್ಲ. ‘ಎಲ್ಲ ಹಕ್ಕೂ ನಮಗೆ’ ಎಂಬ ಕಾಗದ ಮುಂದೆ ಬಂದರೆ ಈ ಎರಡು ಮಾತು ನೆನಪಿರಲಿ.

ಊರಿನಲ್ಲಿ

ತೇರಹಳ್ಳಿ ಬೆಟ್ಟದ ಆದಿಮ ಸಾಂಸ್ಕೃತಿಕ ಕೇಂದ್ರದ ಹುಣ್ಣಿಮೆ ಹಾಡಿನಂಥ ಬಯಲು ವೇದಿಕೆಗಳಲ್ಲಿ ಕಿವಿ ಬೆಳೆಸಿಕೊಂಡ ಕೋಲಾರದ ಕೇಳುಗರಿಗೆ ಸ್ಯಾಕ್ಸೋಫೋನ್ ಅಡ್ಡಿಯಾಗಲಿಲ್ಲ. ತಕರಾರು ಬಂದದ್ದು ಊರಿನ ಹಿಮ್ಮೇಳದಿಂದ: ತಮಟೆ ಜತೆ ಹಾಡುವಾಗಲೂ ಅಕ್ಕನ ಎಳೆತ ಈಗ ಲೆಕ್ಕಕ್ಕೆ ಸರಿಯಾಗಿ ನಿಲ್ಲುತ್ತಿದೆ, ಮೊದಲಿನಂತೆ ಹರಿಯುತ್ತಿಲ್ಲ. ಎಣಿಕೆ ಕಲಿತವರಿಗೆ ಇದು ಆಗಿಯೇ ಆಗುತ್ತದೆ. ಈಗ ವಾರಕ್ಕೊಮ್ಮೆ ಮೆಟ್ರೊನೋಮ್ ಇಲ್ಲದೆ, ಹಾಳೆ ಇಲ್ಲದೆ, ಹಿಮ್ಮೇಳದವರ ಜತೆ ಮಾತ್ರ ಕೂತು ಅದೇ ಹಾಡು ಹಾಡುತ್ತಾರೆ. ಬೆಂಗಳೂರಿನ ಅಭ್ಯಾಸದ ಮಾರನೇ ದಿನ ಊರಿನ ಕಾರ್ಯಕ್ರಮ ಒಪ್ಪಿಕೊಳ್ಳುವುದನ್ನು ಬಿಟ್ಟಿದ್ದಾರೆ. ನಡುವೆ ಎರಡು ದಿನ ಬಿಟ್ಟರೆ ಎಳೆತ ಮತ್ತೆ ಸಡಿಲವಾಗುತ್ತದೆ ಎನ್ನುತ್ತಾರೆ ತಮಟೆಯವರು.